ಹನ್ನೊಂದನೇ ಕಾಲಂನ ಮುತ್ತಣ್ಣ

ಮುತ್ತಣ್ಣ ಎಂಬುದು ಅವರ ಹೆಸರಲ್ಲ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಕಚೇರಿಯವರು ಇಟ್ಟ ಹೆಸರು. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಯಾರಾದರೂ ಕೂಗಿದರೆ, ಯಾರನ್ನು ಕರೆಯುತ್ತಿದ್ದಾರೆಂದು ಅವರೇ ಹಿಂದೆ ತಿರುಗಿ ನೋಡುತ್ತಿದ್ದರು. ಇಪ್ಪತ್ತೊಂದು ವರ್ಷ ನಾನು ಅವರ ಪಕ್ಕದ ಮೇಜಿನಲ್ಲಿ ಟೈಪಿಸ್ಟಾಗಿ ಕೂತವಳು. ಅವರ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಬೇಕಾದಷ್ಟು ಜನ ಇರಬಹುದು, ಆದರೆ ಅವರಷ್ಟೇ ತಪ್ಪು ಮಾಡಿದವಳು ನಾನೊಬ್ಬಳೇ.

ನಮ್ಮದು ಭೂಬಳಕೆ ಶಾಖೆ. ಮಂಡಳಿ ಕಟ್ಟಡದ ಮೂರನೇ ಮಹಡಿ. ಕಲ್ಲು ಒಡೆಯುವ ಕ್ವಾರಿಗೆ, ಮಣ್ಣು ತೋಡುವ ಗಣಿಗೆ, ಈಗೀಗ ಸೋಲಾರ್ ಫಲಕ ಹಾಸುವವರಿಗೆ ಯಾವ ಜಾಗ ಕೊಡಬಹುದು, ಕೊಟ್ಟಿದ್ದನ್ನು ಮುಂದುವರಿಸಬಹುದೇ ಎಂದು ನೋಡುವ ಶಾಖೆ. ನೋಡುವ ಎಂದೆ, ಅದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಶಾಖೆಗೆ ಒಂದು ಕಿಟಕಿ ಇದೆ. ಆ ಕಿಟಕಿಯಿಂದ ಊರಾಚೆಯ ಗುಡ್ಡ ಕಾಣುತ್ತದೆ. ಅರ್ಜಿ ಬಂದಾಗ ಸ್ಥಳ ಪರಿಶೀಲನೆ ಮಾಡಿ ವರದಿ ಕೊಡಬೇಕೆಂದು ನಿಯಮ. ನಾನು ಸೇರುವುದಕ್ಕೂ ಮುಂಚೆ ಯಾವಾಗಲೋ ಜೀಪು ಕೆಟ್ಟು ನಿಂತಿತಂತೆ. ರಿಪೇರಿಗೆ ಬರೆದ ಪತ್ರಕ್ಕೆ ಉತ್ತರ ಬರುವವರೆಗೆ ತಾತ್ಕಾಲಿಕವಾಗಿ ಕಿಟಕಿಯಿಂದ ಪರಿಶೀಲನೆ ನಡೆಸುವುದೆಂದು ತೀರ್ಮಾನವಾಯಿತಂತೆ. ಉತ್ತರ ಇನ್ನೂ ಬಂದಿಲ್ಲ. ಜೀಪು ನಿಂತ ಜಾಗದಲ್ಲಿ ಈಗ ಸೈಕಲ್ ಸ್ಟ್ಯಾಂಡ್ ಇದೆ.

ಮುತ್ತಣ್ಣ ಬೆಳಿಗ್ಗೆ ಹತ್ತೂವರೆಗೆ ಎಡಗೈಯಲ್ಲಿ ಫೈಲು, ಬಲಗೈಯಲ್ಲಿ ಚಹಾ ಹಿಡಿದು ಕಿಟಕಿ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಗುಡ್ಡವನ್ನು ಗಂಭೀರವಾಗಿ ನೋಡುತ್ತಿದ್ದರು. ಚಹಾ ಮುಗಿದರೆ ಪರಿಶೀಲನೆ ಮುಗಿಯಿತು. ಜಾಗ ಗುಡ್ಡದ ಹಿಂಬದಿಗಿದ್ದರೆ ಇನ್ನೊಂದು ಗುಟುಕು ಹೆಚ್ಚು.

"ಹಿಂದಿನ ಇಳಿಜಾರು ಇಲ್ಲಿಂದ ಕಾಣಲ್ವಲ್ಲ ಮುತ್ತಣ್ಣ?" ಎಂದು ನಾನೊಮ್ಮೆ ಕೇಳಿದ್ದೆ. ಆಗಿನ್ನೂ ಹೊಸಬಳು.

"ಮುಂದಿನ ಥರಾನೇ ಇರತ್ತೆ ಬಿಡಮ್ಮ. ಗುಡ್ಡ ಅಂದ್ಮೇಲೆ ಎರಡೂ ಕಡೆ ಗುಡ್ಡಾನೇ," ಎಂದರು.

ಆಮೇಲೆ ಕೂತು ಬರೆಯುತ್ತಿದ್ದರು. ಅದನ್ನು ನೋಡಲು ಬೇರೆ ಶಾಖೆಯವರೂ ಬರುತ್ತಿದ್ದರು. ಪೆನ್ನಿನ ಮೊನೆಯನ್ನು ಹಳೆಯ ಮೇಜುಬಟ್ಟೆಯ ತುಂಡಿನಿಂದ ಒರೆಸಿ, ಅಂಗಿಯ ತೋಳನ್ನು ಎರಡು ಮಡಿಕೆ ಮಡಿಸಿ, ಹದಿನೆಂಟು ಕಾಲಂಗಳ ನಮೂನೆಯನ್ನು ಮೇಲಿನಿಂದ ಕೆಳಗಿನವರೆಗೆ ತುಂಬುತ್ತಿದ್ದರು. ಹನ್ನೊಂದನೇ ಕಾಲಂ ಹೀಗಿತ್ತು: ಸದರಿ ಜಾಗದಲ್ಲಿ ಜನವಸತಿ ಇದೆಯೇ? ಅದರ ಮುಂದೆ ಮುತ್ತಣ್ಣ ಇಲ್ಲ ಎಂದು ಬರೆಯುತ್ತಿದ್ದರು. ಅಷ್ಟು ಚೆಂದದ ಇಲ್ಲವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದಾಗಿತ್ತು.

ಇದೆ ಎಂದು ಬರೆಯಬಾರದೆಂದು ಯಾರೂ ಹೇಳಿರಲಿಲ್ಲ. ಬರೆದರೆ ಆರು ಪುಟದ ಅನುಬಂಧ ಲಗತ್ತಿಸಬೇಕಿತ್ತು: ಎಷ್ಟು ಮನೆ, ಎಷ್ಟು ಜನ, ಹೆಸರೇನು, ವಯಸ್ಸೆಷ್ಟು, ಎಬ್ಬಿಸಿದರೆ ಎಲ್ಲಿಗೆ ಹೋಗುತ್ತಾರೆ. ಆ ಅನುಬಂಧದ ಮುದ್ರಿತ ಪ್ರತಿಗಳು ಖಾಲಿಯಾಗಿ ಹನ್ನೆರಡು ವರ್ಷವಾಗಿತ್ತು. ಆದ್ದರಿಂದ ಹನ್ನೆರಡು ವರ್ಷದಿಂದ ನಮ್ಮ ಮಂಡಳಿಯ ವ್ಯಾಪ್ತಿಯಲ್ಲಿ ಯಾವ ಗುಡ್ಡದ ಮೇಲೂ ಮನುಷ್ಯರು ವಾಸವಾಗಿರಲಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ಮುತ್ತಣ್ಣ ಒಂದು ದಿನವೂ ಯಾರಿಂದಲೂ ಲಂಚ ಮುಟ್ಟಿದವರಲ್ಲ. ಕ್ವಾರಿಯವರು ತಂದುಕೊಟ್ಟ ಹೊಸ ವರ್ಷದ ಡೈರಿಯನ್ನೂ ವಾಪಸು ಕಳಿಸಿದವರು. ಅದಕ್ಕೇ ನನಗೆ ಅವರ ಮೇಲೆ ಹೆಚ್ಚು ಸಿಟ್ಟು. ದುಡ್ಡು ತಿಂದು ಸುಳ್ಳು ಬರೆಯುವವನಿಗೆ ತಾನು ಬರೆಯುತ್ತಿರುವುದು ಸುಳ್ಳೆಂದಾದರೂ ಗೊತ್ತಿರುತ್ತದೆ. ಮುತ್ತಣ್ಣ ನಿಷ್ಠೆಯಿಂದ ಬರೆಯುತ್ತಿದ್ದರು, ಒಂದು ಚಿತ್ತಿಲ್ಲದೆ, ಒಂದು ಕಾಟಿಲ್ಲದೆ.

ಅದನ್ನೆಲ್ಲ ಟೈಪು ಮಾಡಿ, ಕೆಳಗೆ ಮೂಲೆಯಲ್ಲಿ ನನ್ನ ಪುಟ್ಟ ಸಹಿ ಹಾಕುತ್ತಿದ್ದವಳು ನಾನು.

ಮುತ್ತಣ್ಣನಿಗೆ ಒಬ್ಬರು ಅಕ್ಕ. ಅವರಿಗಿಂತ ಒಂಬತ್ತು ವರ್ಷ ದೊಡ್ಡವರು. ತಾಯಿ ಕೆಲಸಕ್ಕೆ ಹೋಗುತ್ತಿದ್ದುದರಿಂದ ಮುತ್ತಣ್ಣನನ್ನು ಸಾಕಿದ್ದು ಅಕ್ಕನೇ. ಮಡಿಲಲ್ಲಿ ಕೂರಿಸಿಕೊಂಡು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದ್ದೂ ಅಕ್ಕನೇ. ಗುಡ್ಡದ ಹಿಂದಿನ ಇಳಿಜಾರಿನಲ್ಲಿ ಅಕ್ಕನದೊಂದು ಮನೆ, ಮನೆಯ ಸುತ್ತ ನರ್ಸರಿ. ಅವರ ಗಂಡನಿಗೆ ಸಸಿ ಬೆಳೆಸಲೆಂದು ಮಂಡಳಿಯೇ ಎಂದೋ ಬಿಟ್ಟುಕೊಟ್ಟ ಜಾಗ. ಗಂಡ ತೀರಿಕೊಂಡ ಮೇಲೂ ಅಕ್ಕ ಅಲ್ಲೇ ಉಳಿದು, ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಮಣ್ಣು ತುಂಬುತ್ತ, ಬೀಜ ಹಾಕುತ್ತ, ಸಸಿ ಮಾರುತ್ತ ನೆಮ್ಮದಿಯಾಗಿದ್ದರು.

ಮಾರಾಟಕ್ಕೆ ಬರವಿರಲಿಲ್ಲ. ಏಕೆಂದರೆ ನಮ್ಮ ನಮೂನೆಯ ಹದಿನಾರನೇ ಕಾಲಂ ಪರಿಸರದ್ದು. ಗುಡ್ಡ ಅಗೆಯುವ ಪ್ರತಿಯೊಬ್ಬರೂ ಅಗೆದ ಪಾಪಕ್ಕೆ ಐನೂರು ಸಸಿ ನೆಡಬೇಕು, ಸಮೀಪದ ನರ್ಸರಿಯಿಂದಲೇ ಕೊಳ್ಳಬೇಕು. ಸಮೀಪದ ನರ್ಸರಿ ಯಾವುದೆಂದು ಕೇಳಿದವರಿಗೆ ಮುತ್ತಣ್ಣ ಹೆಮ್ಮೆಯಿಂದ ಅಕ್ಕನ ಮನೆಯ ದಾರಿ ಹೇಳುತ್ತಿದ್ದರು.

ಪ್ರತಿ ಭಾನುವಾರ ಅವರು ಬಸ್ಸು ಹತ್ತಿ ಗುಡ್ಡ ಸುತ್ತಿಕೊಂಡು ಅಕ್ಕನ ಮನೆಗೆ ಹೋಗುತ್ತಿದ್ದರು. ಹೊಟ್ಟೆ ತುಂಬ ಉಂಡು, ಸಸಿಗಳ ನೆರಳಿನಲ್ಲಿ ಚಾಪೆ ಹಾಸಿಕೊಂಡು ಗೊರಕೆ ಹೊಡೆದು, ಸಂಜೆಯ ಬಸ್ಸಿಗೆ ವಾಪಸಾಗುತ್ತಿದ್ದರು. ಭಾನುವಾರ ಅದು ಅಕ್ಕನ ಮನೆ. ಸೋಮವಾರ ಅದು ಸರ್ವೆ ನಂಬರ್ ನೂರ ಹದಿನಾಲ್ಕು, ನಕ್ಷೆಯ ಮೇಲೆ ಬೆರಳುಗುರಿನಷ್ಟು ಚೌಕ. ಎರಡೂ ಒಂದೇ ಎಂದು ಅವರಿಗೆ ಹೊಳೆದಿರಲಿಲ್ಲ. ಹೊಳೆಯದ ಹಾಗೆ ನೋಡಿಕೊಳ್ಳುವುದಕ್ಕೇ ನಮಗೆ ಸಂಬಳ ಕೊಡುತ್ತಿದ್ದರೆಂದು ಈಗ ಅನ್ನಿಸುತ್ತದೆ.

ಮೂರು ವರ್ಷಕ್ಕೊಮ್ಮೆ ಎಲ್ಲ ಪರವಾನಗಿಗಳ ಮರುಪರಿಶೀಲನೆ. ಈ ಸಲ ನಲವತ್ತೊಂದು ಫೈಲು. ಅದರಲ್ಲಿ ಹಳೆಯವು ನಲವತ್ತು, ಹೊಸದೊಂದು. ಆ ಹೊಸದಕ್ಕಾಗಿ ಇಡೀ ಕಟ್ಟಡವೇ ಸಡಗರ ಪಡುತ್ತಿತ್ತು. ನಂಬರ್ ನೂರ ಹದಿನಾಲ್ಕಕ್ಕೆ ಇಬ್ಬರು ಅರ್ಜಿ ಹಾಕಿದ್ದರು. ಒಬ್ಬ ಕ್ವಾರಿಯವನು, ಇನ್ನೊಬ್ಬ ಸೋಲಾರಿನವನು. ಯಾರಿಗೆ ಕೊಟ್ಟರೂ ಇನ್ನೊಬ್ಬ ಮುನಿಸಿಕೊಳ್ಳುತ್ತಾನೆ. ಮರುಪರಿಶೀಲನಾ ಸಮಿತಿಯ ಅಧ್ಯಕ್ಷರು ಒಂದು ವಾರ ತಲೆ ಕೆಡಿಸಿಕೊಂಡು ಕೊನೆಗೆ ದಾರಿ ಕಂಡುಹಿಡಿದರು.

"ಮೊದಲು ಹತ್ತು ವರ್ಷ ಅವನು ಕಲ್ಲು ತೆಗೀಲಿ. ಅಷ್ಟೊತ್ತಿಗೆ ಜಾಗ ಸಮತಟ್ಟಾಗಿರತ್ತೆ. ಆಮೇಲೆ ಇವನು ಫಲಕ ಹಾಸ್ಲಿ. ಒಂದೇ ಜಾಗ, ಎರಡು ಅಭಿವೃದ್ಧಿ," ಎಂದರು. ಶಾಖೆಯವರೆಲ್ಲ ಮೇಜು ತಟ್ಟಿದರು. ಕ್ವಾರಿಯವನು ಎಂದಾದರೂ ಸಮತಟ್ಟು ಬಿಟ್ಟುಹೋದದ್ದುಂಟೇ, ಬಿಡುವುದು ಗುಂಡಿಯನ್ನಲ್ಲವೇ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮೇಜನ್ನೂ ತಟ್ಟಲಿಲ್ಲ ಎಂಬ ಸಣ್ಣ ಸಮಾಧಾನ ಮಾತ್ರ ಉಳಿಯಿತು.

ಮುತ್ತಣ್ಣ ಎರಡೂ ಅರ್ಜಿಗೆ ವರದಿ ಬರೆದರು. ಒಂದೇ ಗುಡ್ಡವಾದ್ದರಿಂದ ಒಂದೇ ಚಹಾದಲ್ಲಿ ಎರಡು ಪರಿಶೀಲನೆ ಆಯಿತು. ಹನ್ನೊಂದನೇ ಕಾಲಂ ಎರಡು ಸಲ ತುಂಬಿತು. ಅವರ ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿತ್ತು. ಬೀಳ್ಕೊಡುಗೆಗೆ ಯಾವ ಬಣ್ಣದ ಶಾಲು ತರುವುದೆಂದು ನಾವು ಆಗಲೇ ಗುಸುಗುಸು ಶುರುಮಾಡಿದ್ದೆವು.

ತಪ್ಪಾದದ್ದು ಹೊಸ ಜವಾನನಿಂದ. ಸಭೆಗೆ ಹತ್ತು ದಿನ ಮುಂಚೆ ನೋಟೀಸನ್ನು ಕೈಬರಹದ ಮೂಲ ವರದಿಯ ನೆರಳಚ್ಚಿನ ಸಮೇತ ಸ್ಥಳದಲ್ಲಿ ಅಂಟಿಸಬೇಕೆಂಬ ನಿಯಮವಿದೆ. ಅಲ್ಲಿ ಓದುವವರೇ ಇಲ್ಲವೆಂದು ವರದಿಯೇ ಹೇಳುವಾಗ ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಹಳೆಯ ಜವಾನ ಅದನ್ನು ಕೆಳಗೆ ಸೈಕಲ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿ ಬರುತ್ತಿದ್ದ. ಹೊಸಬರು ಐವತ್ತು ದಾಟಿದ ಮನುಷ್ಯ, ಹಿಂದೆ ಅಂಚೆ ಹಂಚುತ್ತಿದ್ದವರು. ವಿಳಾಸ ಎಲ್ಲಿದೆಯೋ ಅಲ್ಲಿಗೇ ಹೋಗಿ ಕೊಡುವ ಕೆಟ್ಟ ಚಾಳಿ ಅವರಿಗೆ. ನೂರ ಹದಿನಾಲ್ಕು ಎಲ್ಲಿ ಎಂದು ಕೇಳುತ್ತ ಕೇಳುತ್ತ, ಗುಡ್ಡ ಸುತ್ತಿ, ಅಂಟಿನ ಡಬ್ಬಿ ಹಿಡಿದು ಹೋಗಿ, ಅಲ್ಲೊಂದು ಬಾಗಿಲು ಕಂಡು, ಅದಕ್ಕೇ ನೀಟಾಗಿ ಅಂಟಿಸಿ ಬಂದರು.

ಮರುದಿನ ಅಕ್ಕ ಕಚೇರಿಗೆ ಬಂದರು.

ಮೂರು ಮಹಡಿ ಹತ್ತಿ ಬಂದ ಏದುಸಿರು. ಕೈಯಲ್ಲಿ ಬಾಗಿಲಿನಿಂದ ಕೆರೆದು ತೆಗೆದ ಕಾಗದ, ಅದರ ಹಿಂದೆ ಅಂಟಿನ ಜೊತೆ ಬಾಗಿಲಿನ ಹಸಿರು ಬಣ್ಣವೂ ಕಿತ್ತುಕೊಂಡು ಬಂದಿತ್ತು. ಉಗುರಿನ ಸಂದಿಯಲ್ಲಿ ಮಣ್ಣು.

"ಪುಟ್ಟ ಎಲ್ಲಿ?" ಎಂದು ನನ್ನನ್ನು ಕೇಳಿದರು.

ಐವತ್ತೊಂಬತ್ತು ವರ್ಷದ, ತಲೆ ಬೋಳಾದ, ಎರಡು ಕನ್ನಡಕದ ಪುಟ್ಟ ಬೀರುವಿನ ಹಿಂದಿನಿಂದ ಎದ್ದು ಬಂದರು. "ಅಕ್ಕಾ, ನೀನ್ಯಾಕೆ ಬರೋಕೆ ಹೋದೆ? ಹೇಳಿ ಕಳಿಸಿದ್ರೆ ನಾನೇ ಬರ್ತಿರ್ಲಿಲ್ವಾ?"

ಅಕ್ಕ ಕಾಗದವನ್ನು ಮೇಜಿನ ಮೇಲಿಟ್ಟು ಹನ್ನೊಂದನೇ ಕಾಲಂ ಮೇಲೆ ಬೆರಳಿಟ್ಟರು. "ಇದು ನಿನ್ನ ಅಕ್ಷರ ಅಲ್ವೇನೋ?"

ಮುತ್ತಣ್ಣ ಕನ್ನಡಕ ಬದಲಿಸಿ ನೋಡಿದರು. "ಹೌದು."

"ನಾನೇ ತಿದ್ಸಿದ ಅಕ್ಷರ. ಸುಳಿ ತಿರುಗಿಸೋಕೆ ಬರದೆ ಅಳ್ತಿದ್ದೆ, ಕೈ ಹಿಡಿದು ನೂರು ಸಲ ಬರೆಸಿದ್ದೆ. ಬಾಗಿಲಲ್ಲಿ ನೋಡಿದ ತಕ್ಷಣ ಗುರುತು ಸಿಕ್ತು. ತಮ್ಮ ಕಾಗದ ಬರೆದಿದಾನೆ ಅಂತ ಖುಷಿಯಾಯ್ತು ಕಣೋ, ಓದೋವರ್ಗೂ."

ಮುತ್ತಣ್ಣ ಕಾಗದ ನೋಡಿದರು, ನಕ್ಷೆ ತೆಗೆದು ನೋಡಿದರು, ಅಕ್ಕನ ಮುಖ ನೋಡಿದರು. ಮೂವತ್ತೆರಡು ವರ್ಷದ ನೌಕರಿಯಲ್ಲಿ ಮೊದಲ ಬಾರಿ ಅವರ ತಲೆಯಲ್ಲಿ ಭಾನುವಾರವೂ ಸೋಮವಾರವೂ ಎದುರುಬದುರಾದವು.

"ನೂರ ಹದಿನಾಲ್ಕು ನಿನ್ನ ಮನೇನಾ ಅಕ್ಕಾ?"

"ನನ್ನ ಮನೆ ನನ್ನ ಮನೆ. ನಂಬರ್ ಕೊಟ್ಟೋರು ನೀವು. ವಾರವಾರ ಬಂದು ಉಂಡು ಹೋಗ್ತೀಯ, ಚಾಪೆ ಹಾಸೋದು ಎಲ್ಲಿ ಅಂತ ಗೊತ್ತಿಲ್ವಾ?"

"ಅದು... ವರದಿ ಇಲ್ಲಿಂದ ನೋಡಿ ಬರೆಯೋದು ಅಕ್ಕಾ." ಅವರು ಕಿಟಕಿ ತೋರಿಸಿದರು.

ಅಕ್ಕ ಹೋಗಿ ಕಿಟಕಿಯಲ್ಲಿ ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು. ಇಡೀ ಶಾಖೆ ಕೆಲಸ ಬಿಟ್ಟು ಅವರ ಬೆನ್ನನ್ನು ನೋಡುತ್ತಿತ್ತು. ಕೆಲಸ ಬಿಡುವುದರಲ್ಲಿ ನಮ್ಮದು ಎತ್ತಿದ ಕೈ.

"ಇಲ್ಲಿಂದ ನನ್ನ ಮನೆ ಕಾಣಲ್ಲ," ಎಂದರು.

"ಕಾಣಲ್ಲ."

"ಅದಕ್ಕೇ ನಾನು ಇಲ್ಲ ಅಂತ ಬರೆದ್ಯಾ?"

ಮುತ್ತಣ್ಣ ನಕ್ಷೆಯನ್ನು ಮಡಿಸಿಟ್ಟರು. ಆಮೇಲೆ ಸಣ್ಣ ದನಿಯಲ್ಲಿ, "ನೀನು ಸುಮ್ನಿರಕ್ಕಾ. ನಾನು ಒಳಗಿಂದ ಏನಾದ್ರೂ ಮಾಡ್ತೀನಿ," ಎಂದರು.

"ಒಳಗಿಂದ ನೀನು ಮಾಡಿರೋದೇ ಸಾಕಾಗಿದೆ," ಎಂದು ಅಕ್ಕ ಮೆಟ್ಟಿಲಿಳಿದರು.

ಒಳಗಿಂದ ಮಾಡುವುದೆಂದರೆ ಅಧ್ಯಕ್ಷರ ಕೋಣೆಗೆ ಹೋಗುವುದು. ನಾನು ಸಹಿಗೆ ಕಾಗದ ಹಿಡಿದು ಅಲ್ಲೇ ನಿಂತಿದ್ದೆ. ಅಧ್ಯಕ್ಷರು ಎಲ್ಲವನ್ನೂ ಕೇಳಿ, ಕುರ್ಚಿಯಲ್ಲಿ ಹಿಂದಕ್ಕೊರಗಿ, ಬಹಳ ಪ್ರೀತಿಯಿಂದ ಮಾತಾಡಿದರು. ಅವರು ಪ್ರೀತಿಯಿಂದ ಮಾತಾಡಿದರೆ ನನಗೆ ಭಯ.

"ನೋಡಿ ಮುತ್ತಣ್ಣ, ಒಂದು ವರದಿ ಸುಳ್ಳು ಅಂತ ನೀವೇ ಬರೆದ್ರೆ, ಉಳಿದ ನಲವತ್ತು ನಿಜ ಅಂತ ಯಾರು ನಂಬ್ತಾರೆ? ನಾಲ್ಕು ತಿಂಗಳಲ್ಲಿ ಮನೆಗೆ ಹೋಗೋರು ನೀವು. ಮರ್ಯಾದೆಯಾಗಿ ಹೋಗಿ. ನಿಮ್ಮ ಅಕ್ಕನಿಗೆ ಬೇರೆ ಕಡೆ ಎಲ್ಲಾದ್ರೂ ಒಂದು ಜಾಗ ನೋಡೋಣ."

"ಎಲ್ಲಿ ಸಾರ್?"

"ನೋಡೋಣ ಅಂದ್ನಲ್ಲ."

ಮುತ್ತಣ್ಣ ತಲೆಯಾಡಿಸಿದರು. ಹೌದು, ಆಡಿಸಿದರು, ನಾನು ಕಣ್ಣಾರೆ ಕಂಡೆ. ಅಕ್ಕನ ಮನೆ ಹೋಗುತ್ತದೆಂದು ಗೊತ್ತಿದ್ದೂ ಆ ತಲೆ ಅಭ್ಯಾಸಬಲದಿಂದ ಮೇಲೆ ಕೆಳಗೆ ಆಡಿತು. ಆವತ್ತು ಅವರನ್ನು ಕಂಡು ನನಗೆ ಹೇಸಿಗೆಯಾಯಿತು. ಆ ವಾರದ ಭಾನುವಾರ ಅವರು ಬಸ್ಸು ಹತ್ತಲಿಲ್ಲವಂತೆ. ಮನೆಯಲ್ಲೇ ಕೂತು ಪೆನ್ನುಗಳನ್ನು ಬಿಸಿನೀರಿನಲ್ಲಿ ತೊಳೆದರಂತೆ.

ಸಭೆ ನಡೆದದ್ದು ನೆಲಮಾಳಿಗೆಯ ಸಭಾಂಗಣದಲ್ಲಿ. ನಲವತ್ತೊಂದು ಫೈಲು, ಊಟಕ್ಕೆ ಮುಂಚೆ ಮುಗಿಯಬೇಕು. ಒಂದೊಂದಕ್ಕೆ ನಾಲ್ಕು ನಿಮಿಷ. ಗಣಿ ಮುಂದುವರಿಯಬಹುದು, ಸೋಲಾರ್ ಮುಂದುವರಿಯಬಹುದು, ಆಕ್ಷೇಪಣೆ ಬಂದಿಲ್ಲ, ಮುಂದಿನದು. ನಾನು ವೇದಿಕೆಯ ಕೆಳಗೆ ಕೂತು ನಡವಳಿ ಟೈಪು ಮಾಡುತ್ತಿದ್ದೆ. ಸಭೆಯಲ್ಲಿ ಆಡಿದ ಮಾತು ನಡವಳಿಯಲ್ಲಿದ್ದರೆ ಮಾತ್ರ ಆಡಿದ ಹಾಗೆ. ಇಲ್ಲದಿದ್ದರೆ ಅದು ಬರೀ ಗಾಳಿ.

ನೂರ ಹದಿನಾಲ್ಕು ಬಂದಾಗ ಅಧ್ಯಕ್ಷರು ಅದೇ ಓಟದಲ್ಲಿ, "ಆಕ್ಷೇಪಣೆ ಬಂದಿಲ್ಲ, ಮುಂದಿನದು," ಎಂದರು.

"ಬಂದಿದೆ," ಎಂದು ಹಿಂದಿನ ಸಾಲಿನಿಂದ ಅಕ್ಕ ಎದ್ದುನಿಂತರು.

"ತಾವು ಯಾರು?"

"ಆ ಜಾಗದಲ್ಲಿ ಇರೋಳು."

ಅಧ್ಯಕ್ಷರು ಫೈಲು ತಿರುವಿದರು. "ಆಕ್ಷೇಪಣೆ ಸಲ್ಲಿಸೋ ಹಕ್ಕು ಇರೋದು ಅಲ್ಲಿನ ನಿವಾಸಿಗಳಿಗೆ ಮಾತ್ರ. ದಾಖಲೆ ಪ್ರಕಾರ ಅಲ್ಲಿ ನಿವಾಸಿಗಳೇ ಇಲ್ಲ."

"ಹಾಗಾದ್ರೆ ಇಲ್ಲಿ ನಿಂತಿರೋದ್ಯಾರು?"

"ಅದು ಈ ಸಮಿತಿಯ ವ್ಯಾಪ್ತಿಗೆ ಬರಲ್ಲ."

ಯಾರೋ ಕಿಸಕ್ಕೆಂದರು. ಅಕ್ಕ ಚೀಲದಿಂದ ಕರೆಂಟಿನ ಕಾಗದ, ನೀರಿನ ಕಾಗದ ತೆಗೆದು ತೋರಿಸಿದರು. ಅವು ನಮ್ಮ ಮಂಡಳಿಯವೇ, ನಮ್ಮ ಕಟ್ಟಡದವೇ. ಮೊದಲ ಮಹಡಿಯ ಪುಸ್ತಕದಲ್ಲಿ ಅಕ್ಕ ದೀಪ ಉರಿಸುತ್ತಿದ್ದರು, ಎರಡನೇ ಮಹಡಿಯ ಪುಸ್ತಕದಲ್ಲಿ ನೀರು ಕುಡಿಯುತ್ತಿದ್ದರು, ಮೂರನೇ ಮಹಡಿಯಲ್ಲಿ ಹುಟ್ಟಿರಲೇ ಇಲ್ಲ. ಅವು ಬೇರೆ ಶಾಖೆಯ ದಾಖಲೆಗಳೆಂದು ಅಧ್ಯಕ್ಷರು ಪಕ್ಕಕ್ಕಿಟ್ಟರು.

"ಹದಿನಾರನೇ ಕಾಲಂ ಓದಿ ಸ್ವಾಮಿ," ಎಂದರು ಅಕ್ಕ.

"ಐನೂರು ಸಸಿ. ಸಮೀಪದ ನರ್ಸರಿಯಿಂದ."

"ಆ ನರ್ಸರಿ ನಂದೇ. ನನ್ನ ಮನೆ ಕೆಡವಿ, ಕೆಡವಿದ ಜಾಗದಲ್ಲಿ ನೆಡೋಕೆ ನನ್ನ ಹತ್ರಾನೇ ಸಸಿ ತಗೋತೀರಾ?"

"ಕೆಡವೋಕೆ ಮುಂಚೆ ತಗೋತೀವಮ್ಮ," ಎಂದರು ಅಧ್ಯಕ್ಷರು. ಅವರು ತಮಾಷೆ ಮಾಡುತ್ತಿರಲಿಲ್ಲ. ಅವರಿಗೆ ತಮಾಷೆ ಬರುವುದಿಲ್ಲ.

ಈ ಸಲ ಯಾರೂ ನಗಲಿಲ್ಲ. ಅದು ಅಧ್ಯಕ್ಷರಿಗೂ ತಟ್ಟಿತೇನೋ, ವಿಷಯ ಮುಗಿಸಿಬಿಡಲು ಅವಸರಪಟ್ಟು, "ವರದಿ ಕೊಟ್ಟೋರೇ ಇಲ್ಲಿದಾರಲ್ಲ, ಅವರನ್ನೇ ಕೇಳೋಣ. ಮುತ್ತಣ್ಣ, ತಾವು ಆ ಸ್ಥಳಕ್ಕೆ ಹೋಗಿದ್ರಾ?" ಎಂದರು.

ಹೌದು ಎಂದರೆ ಸಾಕಿತ್ತು. ಹೌದು ಎನ್ನುತ್ತಾರೆಂದೇ ಕೇಳಿದ್ದು. ಮುತ್ತಣ್ಣ ಎದ್ದು, ಒಂದು ಕನ್ನಡಕ ತೆಗೆದು ಇನ್ನೊಂದು ಹಾಕಿಕೊಂಡು, ಅಕ್ಕನ ಕಡೆ ನೋಡಿದರು. ಅಕ್ಕ ನೋಡುತ್ತಿದ್ದದ್ದು ಅವರ ಮುಖವನ್ನಲ್ಲ, ಬಲಗೈಯನ್ನು. ಅದನ್ನು ನಾನು ಗಮನಿಸಿದೆ. ಅವರೂ ಗಮನಿಸಿರಬೇಕು, ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

"ಹೋಗ್ತೀನಿ ಸಾರ್. ಪ್ರತಿ ಭಾನುವಾರ ಹೋಗ್ತೀನಿ. ಊಟ ಮಾಡಿ, ಮಲಗಿ ಎದ್ದು ಬರ್ತೀನಿ. ಇವರು ನನ್ನ ಅಕ್ಕ."

ಸಭೆ ಗೊಳ್ಳೆಂದಿತು. ಅಧ್ಯಕ್ಷರ ಮುಖ ಕೆಂಪಗಾಯಿತು. "ಮತ್ತೆ ವಾಸ ಇಲ್ಲ ಅಂತ ಯಾಕೆ ಬರೆದ್ರಿ?"

"ಬರೆಯೋಕೆ ಅಂತ ಹೋಗಿರ್ಲಿಲ್ಲ ಸಾರ್. ಕಿಟಕಿಯಿಂದ ಬರೆದೆ." ಅಷ್ಟಕ್ಕೇ ನಿಲ್ಲಿಸಲಿಲ್ಲ. "ಇದೊಂದೇ ಅಲ್ಲ. ನಲವತ್ತೊಂದನ್ನೂ ಕಿಟಕಿಯಿಂದಾನೇ ಬರೆದಿದ್ದು. ಅದಕ್ಕೂ ಹಿಂದಿನವನ್ನೂ. ಒಂದು ಜಾಗಕ್ಕೂ ನಾನು ಹೋಗಿಲ್ಲ. ಯಾರಿದ್ರು, ಯಾರಿಲ್ಲ, ನನಗೆ ಗೊತ್ತಿಲ್ಲ."

ಆ ಕ್ಷಣ ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. ನಾಲ್ಕು ತಿಂಗಳು ಕಣ್ಣು ಮುಚ್ಚಿಕೊಂಡಿದ್ದರೆ ಶಾಲು ಹೊದ್ದು ಮನೆಗೆ ಹೋಗಬಹುದಾಗಿದ್ದ ಮನುಷ್ಯ ತುಂಬಿದ ಸಭೆಯಲ್ಲಿ ತನ್ನ ಮಾನವನ್ನು ತಾನೇ ತೆಗೆದಿಟ್ಟಿದ್ದ.

ಅಧ್ಯಕ್ಷರು ಗಾಬರಿಯಿಂದ ಆಚೀಚೆ ನೋಡಿದರು. ಆಮೇಲೆ ಬಗ್ಗಿ ನನಗೆ ಮಾತ್ರ ಕೇಳುವಂತೆ, "ಕೊನೆ ಮಾತು ಬರ್ಕೋಬೇಡಿ. ಈ ಜಾಗದ್ದು ಮಾತ್ರ ಬರ್ಕೊಳ್ಳಿ," ಎಂದರು.

ನಾನು ಕೀಲಿಮಣೆಯಿಂದ ಬೆರಳೆತ್ತಿದೆ. ನನಗೂ ಮನೆಯಿದೆ, ಕಾಯಿಲೆಯ ಅತ್ತೆಯಿದ್ದಾರೆ, ಇನ್ನೂ ಆರು ವರ್ಷದ ನೌಕರಿ ಉಳಿದಿದೆ. ಈ ಕಾರಣಗಳನ್ನು ಆಗ ನಾನು ಯೋಚಿಸಲಿಲ್ಲ, ಈಗ ಬರೆಯುವಾಗ ಹುಡುಕಿಕೊಂಡದ್ದು. ಆಗ ಯೋಚನೆಯೇ ಇರಲಿಲ್ಲ. ಹೇಳಿದರು, ಬೆರಳೆತ್ತಿದೆ. ಅಷ್ಟೇ.

ನಡವಳಿ ಅಂದವಾಗಿ ಹೊರಬಂತು. ನಂಬರ್ ನೂರ ಹದಿನಾಲ್ಕರ ವರದಿ ದೋಷಪೂರಿತವೆಂದು ಕಂಡುಬಂದಿದ್ದು, ಎರಡೂ ಅರ್ಜಿಗಳನ್ನು ಮುಂದಿನ ಮರುಪರಿಶೀಲನೆಯವರೆಗೆ ತಡೆಹಿಡಿಯಲಾಗಿದೆ. ಉಳಿದ ನಲವತ್ತು ಪರವಾನಗಿಗಳಿಗೆ ಯಾವುದೇ ನಿವಾಸಿಯಿಂದ ಆಕ್ಷೇಪಣೆ ಬಾರದ ಕಾರಣ ಮುಂದುವರಿಸಲಾಗಿದೆ. ಸುಳ್ಳು ವರದಿ ನೀಡಿದ ಗುಮಾಸ್ತನನ್ನು ವಿಚಾರಣೆ ಮುಗಿಯುವವರೆಗೆ ಅಮಾನತಿನಲ್ಲಿಡಲಾಗಿದೆ. ಊಟ ಸರಿಯಾದ ಸಮಯಕ್ಕೆ ಬಡಿಸಲಾಯಿತು, ಅದನ್ನು ನಾವು ನಡವಳಿಯಲ್ಲಿ ಬರೆಯುವುದಿಲ್ಲ.

ಮಂಡಳಿ ಎಚ್ಚೆತ್ತುಕೊಂಡಿತು ಎಂದು ಪತ್ರಿಕೆಯೊಂದು ಒಳಪುಟದಲ್ಲಿ ಬರೆಯಿತು. ಎಚ್ಚೆತ್ತುಕೊಂಡದ್ದಕ್ಕೆ ಸಾಕ್ಷಿಯಾಗಿ ನಮೂನೆಗೆ ಹತ್ತೊಂಬತ್ತನೇ ಕಾಲಂ ಸೇರಿತು: ಪರಿಶೀಲನೆಯನ್ನು ಕಿಟಕಿಯಿಂದ ನಡೆಸಲಾಗಿದೆಯೇ? ಮುತ್ತಣ್ಣನ ಕುರ್ಚಿಗೆ ಬಂದ ಹೊಸ ಗುಮಾಸ್ತ ಚಹಾ ಹಿಡಿದು ಕಿಟಕಿಯಲ್ಲಿ ನಿಂತು ಗುಡ್ಡ ನೋಡುತ್ತಾನೆ, ಬಂದು ಕೂತು ಆ ಕಾಲಂನಲ್ಲಿ ಇಲ್ಲ ಎಂದು ಬರೆಯುತ್ತಾನೆ. ಅಕ್ಷರ ಮಾತ್ರ ಕಾಗೆಯ ಕಾಲು.

ಅಮಾನತಾದ ಮೊದಲ ಭಾನುವಾರ ಮುತ್ತಣ್ಣ ಎದೆಯುಬ್ಬಿಸಿಕೊಂಡೇ ಅಕ್ಕನ ಮನೆಗೆ ಹೋದರಂತೆ. ಕೆಲಸ ಹೋದರೇನು, ಮನೆ ಉಳಿಸಿಕೊಟ್ಟೆನಲ್ಲ ಎಂಬ ಹೆಮ್ಮೆ. ಅಕ್ಕ ಊಟ ಬಡಿಸಿದರು. ಎರಡು ತುತ್ತು ಇಳಿದ ಮೇಲೆ ಕೇಳಿದರು, "ನನ್ನದೊಂದನ್ನ ನೀನು ತಿದ್ದಿದೆ. ಉಳಿದ ನಲವತ್ತು?"

"ಅವು ಮುಗಿದು ಹೋದ ಫೈಲು ಅಕ್ಕಾ."

"ಅಲ್ಲೂ ಯಾರಿಗೋ ಯಾರೋ ಅಕ್ಕ ಇದ್ದಿರ್ತಾಳಲ್ಲೋ. ಹೋಗಿ ನೋಡ್ಬಾರ್ದಾ? ಈಗ ನಿನಗೇನು ಆಫೀಸ್ ಇದ್ಯಾ?"

ಈ ಮಾತನ್ನೆಲ್ಲ ನನಗೆ ಹೇಳಿದ್ದು ಮುತ್ತಣ್ಣನೇ, ಎರಡು ತಿಂಗಳಾದ ಮೇಲೆ. ಒಂದು ಮಧ್ಯಾಹ್ನ ಕಚೇರಿಯ ಎದುರಿನ ಚಹಾದಂಗಡಿಯಲ್ಲಿ ಸಿಕ್ಕಿದರು. ಗುರುತೇ ಸಿಗಲಿಲ್ಲ. ಮುಖ ಬಿಸಿಲಿಗೆ ಕಪ್ಪಾಗಿತ್ತು, ಚಪ್ಪಲಿಯ ಹಿಮ್ಮಡಿ ಸವೆದು ವಾರೆಯಾಗಿತ್ತು. ಮೂವತ್ತೆರಡು ವರ್ಷ ಕಿಟಕಿಯಲ್ಲಿ ನಿಂತು ನೋಡಿದ ಜಾಗಗಳಿಗೆ ಒಂದೊಂದಾಗಿ ನಡೆದು ಹೋಗುತ್ತಿದ್ದರು. ಹದಿಮೂರು ಮುಗಿದಿತ್ತು.

"ಯಾರಾದ್ರೂ ಸಿಕ್ಕಿದ್ರಾ?" ಎಂದೆ.

"ಸೋಲಾರ್ ಇರೋ ಕಡೆ ಬೇಲಿ, ಒಳಗೆ ಬಿಡಲ್ಲ. ಕ್ವಾರಿ ಇರೋ ಕಡೆ ಗುಂಡಿ. ಈಗ ಬೇಕಾದ್ರೆ ಪ್ರಮಾಣ ಮಾಡಿ ಹೇಳ್ತೀನಮ್ಮ, ಅಲ್ಲಿ ಯಾರೂ ವಾಸ ಇಲ್ಲ. ನನ್ನ ವರದಿ ಈಗ ನಿಜ." ನಗಲು ನೋಡಿದರು, ಆಗಲಿಲ್ಲ. "ಸರ್ವೆ ನಂಬರ್ ಅರವತ್ತೆರಡರಲ್ಲಿ, ಗುಂಡಿಯ ಅಂಚಲ್ಲಿ, ಒಂದು ಒರಳು ಇದೆ. ನೆಲಕ್ಕೆ ಹೂತಿರೋ ಒರಳು. ಒಳಗೆ ನುಣ್ಣಗೆ ಸವೆದಿದೆ. ಎಷ್ಟು ವರ್ಷ ರುಬ್ಬಿದ್ರೆ ಹಾಗೆ ಸವೆಯತ್ತೆ ಹೇಳು? ಕೈ ಹಾಕಿ ನೋಡ್ದೆ. ಅರ್ಧ ಬೊಗಸೆ ಮಳೆನೀರಿತ್ತು."

ಅರವತ್ತೆರಡನ್ನು ಒಂಬತ್ತು ವರ್ಷದ ಹಿಂದೆ ಟೈಪು ಮಾಡಿದ್ದು ನನಗೆ ನೆನಪಿತ್ತು. ಆವತ್ತು ಹೊಸ ರಿಬ್ಬನ್ ಹಾಕಿದ್ದೆ, ಅಕ್ಷರ ದಟ್ಟವಾಗಿ ಮೂಡಿತ್ತು.

"ಸುತ್ತಮುತ್ತ ಎಲ್ಲ ಕಡೆ ವಿಚಾರಿಸ್ದೆ. ಅಲ್ಲಿ ಯಾರಿದ್ರು, ಎಲ್ಲಿಗೆ ಹೋದ್ರು, ಒಬ್ಬರಿಗೂ ಗೊತ್ತಿಲ್ಲ. ನಮ್ಮ ಫೈಲಲ್ಲಾದ್ರೂ ಹೆಸರಿರತ್ತೇನೋ ಅಂದ್ಕೊಂಡೆ. ಆಮೇಲೆ ನೆನಪಾಯ್ತು, ಆ ಫೈಲ್ ಬರೆದೋನೂ ನಾನೇ."

ಚಹಾ ತಣ್ಣಗಾಗಿತ್ತು. ಅವರು ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕೂತರು. ಆಮೇಲೆ ಏನೋ ಹೊಳೆದವರಂತೆ ತಲೆಯೆತ್ತಿದರು. ಮುಖದಲ್ಲಿ ಸ್ವಲ್ಪ ಜೀವ ಬಂದಿತ್ತು.

"ಆದ್ರೂ ಒಂದು ಸಮಾಧಾನ ಇದೆಯಮ್ಮ. ಸಭೇಲಿ ನಾನು ನಲವತ್ತೊಂದನ್ನೂ ಒಪ್ಕೊಂಡೆ. ಅದು ನಡವಳಿಯಲ್ಲಿದ್ರೆ ನಾಳೆ ಯಾರಾದ್ರೂ ಒಬ್ಬರು ಆ ಫೈಲುಗಳನ್ನ ಬಿಚ್ಚಿಸಬಹುದು. ಒರಳಿನೋರು ಎಲ್ಲಾದ್ರೂ ಬದುಕಿದ್ರೆ ಬಂದು ಕೇಳಬಹುದು. ನಾನು ಆಡಿದ ಮಾತು ನಡವಳಿಯಲ್ಲಿದೆ ಅಲ್ವಾ?"

ನಾನು ಅವರ ಮುಖ ನೋಡಲಾರದೆ ರಸ್ತೆಯಾಚೆಯ ನಮ್ಮ ಕಟ್ಟಡದ ಮೂರನೇ ಮಹಡಿಯ ಕಿಟಕಿಯನ್ನು ನೋಡಿದೆ.

"ಇಲ್ಲ," ಎಂದೆ.